ಅಣ್ಣನ ಬಿ-12 ಇಂಜೆಕ್ಷನ್

ಅಣ್ಣ ಈಗ ಚೆನ್ನಾಗಿದ್ದಾನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಭಾನುವಾರದ ವಿಷಯ ಎತ್ತಿದಾಗಲೆಲ್ಲ ನನ್ನ ಧ್ವನಿ ನಡುಗುತ್ತದೆ, ಕೇಳುವವರ ಮುಖ ಸಾವಿನ ಸುದ್ದಿ ಬರುತ್ತದೇನೋ ಎಂಬಂತೆ ಬಿಗಿಯಾಗುತ್ತದೆ. ಹಾಗೇನಿಲ್ಲ. ನಿನ್ನೆ ಕೂಡ ಅವನು ಇಲ್ಲೇ ಕ್ಯಾಲಿಫೋರ್ನಿಯಾದ ಡಬ್ಲಿನ್‌ನ ತನ್ನ ಮನೆಯ ಹಿತ್ತಲಲ್ಲಿ ನಿಂತು ವಿಡಿಯೋ ಕಾಲ್ ಮಾಡಿ, ಕುಂಡದಲ್ಲಿ ಬಿಟ್ಟ ಎರಡು ಬದನೆಕಾಯಿ ತೋರಿಸಿ, "ಒಂದು ನಿನಗ, ಒಂದು ನಿಮ್ಮ ವೈನಿಗೆ. ನನಗ ಬರೇ ಗಿಡ" ಎಂದ. ವೈನಿ ಎಂದರೆ ನಮ್ಮ ಹುಬ್ಬಳ್ಳಿ ಕಡೆ ಅತ್ತಿಗೆ.

ಆದರೂ ನನ್ನ ತಲೆ ಇನ್ನೂ ಆ ಮಧ್ಯಾಹ್ನವನ್ನು ಬಿಟ್ಟಿಲ್ಲ. ಫ್ರೀವೇಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಹತ್ತಿದರೆ ಸಾಕು, ಅದು ಮತ್ತೆ ಶುರುವಾಗುತ್ತದೆ. ಒಂದು ಪ್ರಶ್ನೆ. ಅದಕ್ಕೆ ವೈನಿ ಕೊಟ್ಟ ಉತ್ತರ. ಆ ಉತ್ತರ ಹಾಗೇ ನಿಂತುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ.

ಅಣ್ಣನಿಗೆ ರಕ್ತದ ಕಾಯಿಲೆಯಿತ್ತು. ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ, ಬಿಟ್ಟರೆ ಪೂರ್ತಿ ಬ್ಲಡ್ ಕ್ಯಾನ್ಸರ್ ಆಗಿ ತಿರುಗಬಹುದಾದ ಕಾಯಿಲೆ. ಅದಕ್ಕಾಗಿ ಅವನು ಕೊಲ್ಲಿಯ ಆಚೆ ದಡದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಔಷಧವೊಂದನ್ನು ತೆಗೆದುಕೊಳ್ಳುತ್ತಿದ್ದ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ವೈನಿಗೆ ಮಾತ್ರ. ಅವರ ಒಬ್ಬಳೇ ಮಗಳಿಗೂ ಗೊತ್ತಿರಲಿಲ್ಲ, ಒಡಹುಟ್ಟಿದ ತಂಗಿ ನನಗೂ ಗೊತ್ತಿರಲಿಲ್ಲ. ಸೇತುವೆ ದಾಟಿ ವಾಪಸು ಬರುವ ದಾರಿಯಲ್ಲಿ ನೆವಾರ್ಕ್‌ನ ನನ್ನ ಅಪಾರ್ಟ್‌ಮೆಂಟು ಸಿಗುತ್ತದೆ. ಎಷ್ಟೋ ಸಲ ಔಷಧ ಏರಿಸಿಕೊಂಡ ದಿನವೇ ಅವನು ನನ್ನಲ್ಲಿ ಚಹಾ ಕುಡಿಯಲು ಬಂದಿದ್ದ. ತೋಳಿನ ಮೇಲೆ ಹತ್ತಿ, ಅದರ ಮೇಲೆ ಪಟ್ಟಿ. ಕೇಳಿದರೆ, "ಬಿ-12 ಕಡಿಮಿ ಆಗೇದ. ಇಂಜೆಕ್ಷನ್ ತಗೊಂಡು ಬಂದೆ" ಎನ್ನುತ್ತಿದ್ದ. ಮೊಟ್ಟೆಯನ್ನೂ ಮುಟ್ಟದ ಮನೆತನ ನಮ್ಮದು. ಬಿ-12 ಕಡಿಮೆಯಿಲ್ಲದವರು ಯಾರಿದ್ದಾರೆ? ನಾನೂ ಅದೇ ಮಾತ್ರೆ ನುಂಗುತ್ತೇನೆ. ಚಹಾ ಕುಡಿದು ಅವನು ಸೋಫಾದ ಮೇಲೆ ಹಾಗೇ ನಿದ್ದೆ ಹೋಗುತ್ತಿದ್ದ. ವಯಸ್ಸಾಯಿತು, ಡ್ರೈವಿಂಗ್ ಆಗುವುದಿಲ್ಲ ಎಂದು ನಾನು ಅವನನ್ನು ಛೇಡಿಸುತ್ತಿದ್ದೆ.

ಆ ಔಷಧ ಏನು ಮಾಡುತ್ತಿತ್ತು ಎಂಬುದನ್ನು ಅವನೇ ಆಮೇಲೆ, ಎಲ್ಲ ಮುಗಿದ ಮೇಲೆ, ಅದೇ ಸೋಫಾದ ಮೇಲೆ ಕೂತು ವಿವರಿಸಿದ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

"ನಮ್ಮ ಮೈಯಾಗ ಹಳೀ ಕಣ, ಕೆಟ್ಟ ಕಣ ಎಲ್ಲಾ ತಿಂದು ಸ್ವಚ್ಛ ಮಾಡೂ ಜೀವಕೋಶ ಇರ್ತಾವ. ಅವಕ್ಕ ಹಸಿವಿ ಭಾಳ. ಕೆಂಪು ರಕ್ತಕಣಾನೂ ತಿಂದುಬಿಡ್ತಿದ್ವು. ಯಾಕ ತಿನ್ನೂದಿಲ್ಲ ಹೇಳು?"

"ಯಾಕ?"

"ಪ್ರತಿಯೊಂದು ಕೆಂಪು ಕಣದ ಮೈಮ್ಯಾಲೆ ಒಂದು ಪ್ರೋಟೀನ್ ಅದ. 'ನಾ ನಿಮ್ಮಾಂವನ, ನನ್ನ ತಿನಬ್ಯಾಡ್ರಿ' ಅಂತ ಸನ್ನಿ ಮಾಡ್ತದ. ಅದರ ಹೆಸರು ಸಿ.ಡಿ. ನಲವತ್ತೇಳು. ಸ್ವಾತಂತ್ರ್ಯ ಬಂದ ಇಸ್ವಿ. ಮರತೀಯ ಮತ್ತ."

ಕಣ ಮುದಿಯಾದಾಗ ಆ ಸನ್ನೆ ಮಂಕಾಗುತ್ತದೆ, ಆಗ ಸ್ವಚ್ಛ ಮಾಡುವ ಕೋಶಗಳು ಅದನ್ನು ತಿಂದುಹಾಕುತ್ತವೆ. ಆದರೆ ಕ್ಯಾನ್ಸರ್ ಕಣಗಳು ಇದೇ ಪ್ರೋಟೀನನ್ನು ಮೈತುಂಬ ಹೊದ್ದುಕೊಂಡು ತಪ್ಪಿಸಿಕೊಳ್ಳುತ್ತವಂತೆ. ಅಣ್ಣನ ಔಷಧ ಹೋಗಿ ಆ ಪ್ರೋಟೀನಿಗೆ ಅಂಟಿ ಅದರ ಬಾಯಿ ಮುಚ್ಚುತ್ತಿತ್ತು. ಸನ್ನೆ ನಿಂತರೆ ಕೆಟ್ಟ ಕಣಗಳು ಸಿಕ್ಕಿಬೀಳುತ್ತವೆ ಎಂಬುದು ಲೆಕ್ಕ. ತೊಡಕು ಏನೆಂದರೆ ಒಳ್ಳೆಯ ಕೆಂಪು ಕಣಗಳ ಮೇಲೂ ಅದೇ ಪ್ರೋಟೀನು ಇದೆಯಲ್ಲ! ಔಷಧ ಅವಕ್ಕೂ ಅಂಟುತ್ತದೆ. ಅಣ್ಣನ ಮೈಯೊಳಗಿನ ಕಣಗಳಿಗೆ ಮಾತ್ರವಲ್ಲ, ಲ್ಯಾಬಿನ ಗಾಜಿನ ಕೊಳವೆಯಲ್ಲಿ ಅವನ ರಕ್ತದ ಜೊತೆ ಯಾರ ರಕ್ತ ಬೆರೆಸಿದರೂ ಅದಕ್ಕೂ ಅಂಟುತ್ತದೆ. ಹಾಗಾಗಿ ಅವನಿಗೆ ರಕ್ತ ಕೊಡಬೇಕಾಗಿ ಬಂದರೆ, ಯಾವ ರಕ್ತವೂ ಹೊಂದುವುದಿಲ್ಲ ಎಂದೇ ಪರೀಕ್ಷೆ ತೋರಿಸುತ್ತದೆ. ಔಷಧದ ವಿಷಯ ಗೊತ್ತಿದ್ದವರಿಗೆ ಅದನ್ನು ದಾಟುವ ದಾರಿಯಿದೆ. ಗೊತ್ತಿಲ್ಲದವರಿಗೆ ಅದು ಗೋಡೆ. ಇದಕ್ಕೆಂದೇ ಆ ಆಸ್ಪತ್ರೆಯವರು ಅವನ ಮಣಿಕಟ್ಟಿಗೆ ಔಷಧದ ಹೆಸರು ಬರೆದ ಒಂದು ಪಟ್ಟಿ ಕಟ್ಟಿದ್ದರು, ಸ್ನಾನಕ್ಕೂ ತೆಗೆಯಬೇಡಿ ಎಂದಿದ್ದರು. ಅವನು ಅದನ್ನು ವಾಚಿನ ಕೆಳಗೆ, ಅಂಗಿಯ ತೋಳಿನ ಗುಂಡಿ ಹಾಕಿ ಮುಚ್ಚಿಟ್ಟುಕೊಳ್ಳುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಮಾತ್ರ ಪಟ್ಟಿಯನ್ನು ತೆಗೆದಿಟ್ಟಿದ್ದ. ಯಾಕೆಂದರೆ ಅವತ್ತು ಬೀಗರು ಆಗಬಹುದಾದವರು ಮೊದಲ ಸಲ ಮನೆಗೆ ಊಟಕ್ಕೆ ಬರುವವರಿದ್ದರು.

ಹುಡುಗ ಮತ್ತು ಅಣ್ಣನ ಮಗಳು ತಾವೇ ಮೆಚ್ಚಿಕೊಂಡವರು. ಇಬ್ಬರೂ ಇಲ್ಲೇ ಹುಟ್ಟಿದವರು. ಹುಡುಗನ ಮನೆಯವರು ಪ್ಲೆಸೆಂಟನ್‌ನಲ್ಲಿದ್ದಾರೆ, ಮೂಲ ಉಡುಪಿಯ ಕಡೆ, ಮನೆಯಲ್ಲಿ ತುಳು. ತಂದೆ ಊರಿಗೆ ಹೋಗಿದ್ದರಿಂದ ಅವತ್ತು ಬಂದವರು ಹುಡುಗ ಮತ್ತು ಅವನ ತಾಯಿ. ಆಕೆ ಬಾಗಿಲಲ್ಲೇ ಪತ್ರೊಡೆಯ ಡಬ್ಬಿಯನ್ನು ವೈನಿಯ ಕೈಗಿಟ್ಟು, ಚಪ್ಪಲಿ ಬಿಡುತ್ತ ಬಿಡುತ್ತಲೇ ಮಾತು ಶುರುಮಾಡಿದರು. ಮನಸ್ಸಿಗೆ ಬಂದದ್ದು ನೇರ ಬಾಯಿಗೆ ಬರುವ ಹೆಂಗಸು.

"ನಿಮ್ಮ ಮಾತು ಕೇಳಿದ್ರೆ ಜಗಳ ಆಡಿದ ಹಾಗೆ ಕೇಳ್ತದೆ ಮಾರಾಯ್ರೆ. ಊಟ ಮಾತ್ರ ಭಾರಿ ಒಳ್ಳೆದುಂಟು" ಎಂದರು ಎಣ್ಣೆಗಾಯಿಯನ್ನು ಎರಡನೇ ಸಲ ಬಡಿಸಿಕೊಳ್ಳುತ್ತ.

"ನೀವು ಮಾತಾಡೂದು ಕೇಳಿದ್ರ ಸಾಲ್ಯಾಗಿನ ಪುಸ್ತಕ ಓದಿಧಂಗ ಅನಸ್ತದ್ರಿ" ಎಂದ ಅಣ್ಣ. "ಎದ್ದು ನಿಂತು ಕೇಳಬೇಕೇನೋ ಅಂತ ಭಯ."

ಮಗಳು, "ಪಪ್ಪಾ, ಬಿಹೇವ್" ಎಂದಳು. ಎಲ್ಲರೂ ನಕ್ಕರು. ಅಣ್ಣನ ಮುಖ ಬಿಳಿಚಿಕೊಂಡಿದ್ದನ್ನು ನಾನು ನೋಡಿದ್ದೆ. ಮಗಳ ಮದುವೆಯ ಮಾತಿನ ದಿನ, ಆತಂಕ ಇರುತ್ತದೆ ಎಂದುಕೊಂಡೆ. ಅವನು ಕೆಲವು ದಿನಗಳಿಂದ ಮೊಣಕಾಲು ನೋವಿಗೆಂದು ಅಂಗಡಿಯ ನೋವಿನ ಮಾತ್ರೆ ನುಂಗುತ್ತಿದ್ದ, ಅದರಿಂದ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು ಎಂಬುದು ಆಮೇಲೆ ಗೊತ್ತಾದದ್ದು.

ಹೋಳಿಗೆ ಬಡಿಸುವ ಹೊತ್ತಿಗೆ ಎದ್ದು ಬಾತ್‌ರೂಮಿಗೆ ಹೋದ. ಏನೋ ಬಿದ್ದ ಸದ್ದು. ಹುಡುಗನೇ ಮೊದಲು ಓಡಿದ. ಬಾಗಿಲು ತೆಗೆದಾಗ ಅಣ್ಣ ಸಿಂಕಿನ ಕೆಳಗೆ ಒರಗಿದ್ದ, ಸಿಂಕಿನ ತುಂಬ ಕಪ್ಪಗಿನ ರಕ್ತ. ಹುಡುಗ ಒಂದು ಕೈಯಲ್ಲಿ ಅವನ ತಲೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನ್ ಮಾಡಿದ.

ಆಂಬುಲೆನ್ಸಿನವರು ಬೇಗ ಬಂದರು. ಅಣ್ಣನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಅವರಲ್ಲೊಬ್ಬಳು ನಮ್ಮ ಕಡೆ ತಿರುಗಿ ಕೇಳಿದಳು: ಇವರು ಏನಾದರೂ ಔಷಧ ತೆಗೆದುಕೊಳ್ಳುತ್ತಾರಾ? ಏನಾದರೂ ಕಾಯಿಲೆ?

ನಾನು ಮತ್ತೆ ಮತ್ತೆ ನೋಡುವುದು ಈ ಗಳಿಗೆಯನ್ನು. ಊಟದ ಮೇಜು ಹಾಗೇ ಇದೆ, ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟುತ್ತಿದೆ. ವೈನಿಯ ಒಂದು ಪಕ್ಕ ಮಗಳು, ಇನ್ನೊಂದು ಪಕ್ಕ ಹುಡುಗನ ತಾಯಿ. ವೈನಿ ಅಣ್ಣನ ಮುಖ ನೋಡಿದರು. ಅವನು ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದ. ತಲೆಯನ್ನು ಒಂಚೂರು ಆಡಿಸಿದ. ನೋವಿಗೆ ಆಡಿಸಿದ ಎಂದು ನಾನು ತಿಳಿದೆ.

"ಬಿ.ಪಿ.ಗೆ ಒಂದು ಮಾತ್ರೆ. ಬಿ-12. ಅಷ್ಟೇ" ಎಂದರು ವೈನಿ, ಇಂಗ್ಲಿಷಿನಲ್ಲಿ, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವಷ್ಟು ಸ್ಪಷ್ಟವಾಗಿ.

ಆಂಬುಲೆನ್ಸು ಹತ್ತಿರದ ಆಸ್ಪತ್ರೆಗೆ ಹೋಯಿತು. ಅಣ್ಣನನ್ನು ನೋಡುತ್ತಿದ್ದ ಆಚೆ ದಡದ ಆಸ್ಪತ್ರೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿಯ ಕಂಪ್ಯೂಟರಿನಲ್ಲಿ ಅವನ ಬಗ್ಗೆ ಇದ್ದದ್ದು ಬಿ.ಪಿ. ಮಾತ್ರ.

ಎಮರ್ಜೆನ್ಸಿಯ ಕಾಯುವ ಕೋಣೆಯಲ್ಲಿ ನಾವೆಲ್ಲ ಒಂದು ಮೂಲೆ ಹಿಡಿದೆವು. ನೀವು ಮನೆಗೆ ಹೋಗಿ, ನಾವು ಫೋನ್ ಮಾಡುತ್ತೇವೆ ಎಂದು ಹುಡುಗನ ತಾಯಿಗೆ ವೈನಿ ಹೇಳಿ ನೋಡಿದರು. "ಎಂಥದು ಹೋಗುವುದು? ಅವರು ಏಳಲಿ, ಹೋಳಿಗೆ ಬಾಕಿ ಉಂಟಲ್ಲ ನನ್ನದು" ಎಂದು ಆಕೆ ವೈನಿಯ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಕೂತರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಕೈ ಅಲ್ಲಿದ್ದಷ್ಟು ಹೊತ್ತು ವೈನಿಗೆ ಬಾಯಿ ಬಿಡುವ ದಾರಿಯೇ ಇರಲಿಲ್ಲ. ಇಂಗ್ಲಿಷ್, ಕನ್ನಡ, ಹಿಂದಿ, ವೈನಿ ಯಾವ ಭಾಷೆಯಲ್ಲಿ ಏನು ಹೇಳಿದರೂ ಆಕೆಗೆ ತಿಳಿಯುತ್ತಿತ್ತು.

ಡಾಕ್ಟರು ಬಂದರು. ಎತ್ತರದ ಹೆಂಗಸು, ಮಾತು ನಿಧಾನ. ರಕ್ತ ಬಹಳ ಹೋಗಿದೆ, ಈಗಲೇ ರಕ್ತ ಕೊಡಬೇಕು, ಆದರೆ ಬ್ಲಡ್ ಬ್ಯಾಂಕಿನವರು ವಿಚಿತ್ರವಾದ ಒಂದು ತೊಂದರೆ ಹೇಳುತ್ತಿದ್ದಾರೆ ಎಂದರು. ಇವರ ರಕ್ತದ ಜೊತೆ ಯಾವ ಚೀಲದ ರಕ್ತವನ್ನಿಟ್ಟು ನೋಡಿದರೂ ಹೊಂದುತ್ತಿಲ್ಲ. ಒಂದಲ್ಲ, ಪ್ರತಿಯೊಂದೂ. ತೀರ ಅಪರೂಪದ ಗುಂಪಿನ ರಕ್ತವಿದ್ದರೆ ಹೀಗಾಗಬಹುದು, ಆಗ ಎಲ್ಲಿಂದಲೋ ತರಿಸಬೇಕು. ರಕ್ತಸ್ರಾವ ಜೋರಾದರೆ ಹೊಂದಿಸದೆಯೇ ಕೊಡಬೇಕಾಗುತ್ತದೆ. ಹಾಗೆ ಕೊಟ್ಟ ರಕ್ತವನ್ನು ಅವರ ಮೈ ಒಡೆದುಹಾಕಿದರೆ ಜೀವಕ್ಕೇ ಅಪಾಯ. ಕಾದರೂ ಅಪಾಯವೇ. ಕೆಲವು ಹೊಸ ಔಷಧಗಳೂ ಈ ಪರೀಕ್ಷೆಯನ್ನು ಕೆಡಿಸುತ್ತವೆ. ಆದ್ದರಿಂದ ಇನ್ನೊಮ್ಮೆ ಕೇಳುತ್ತೇನೆ, ಕ್ಯಾನ್ಸರಿಗೆ ಕೊಡುವಂಥ—

"ನೋ" ಎಂದರು ವೈನಿ. ಡಾಕ್ಟರು ಇನ್ನೂ ವಾಕ್ಯ ಮುಗಿಸಿರಲಿಲ್ಲ.

"ಅಯ್ಯೋ, ಕ್ಯಾನ್ಸರ್ ಎಂಥದು! ಅವರು ಈಗ ನಮ್ಮೊಟ್ಟಿಗೆ ತಮಾಷೆ ಮಾಡ್ತಾ ಊಟ ಮಾಡಿದ್ದು" ಎಂದು ಹುಡುಗನ ತಾಯಿ ವೈನಿಯ ಕೈ ತಟ್ಟಿದರು.

"ಅಮ್ಮಾ, ಥಿಂಕ್. ಎನಿಥಿಂಗ್ ಅಟ್ ಆಲ್. ಆಯುರ್ವೇದಿಕ್? ದಟ್ ಪೌಡರ್ ಅಜ್ಜಿ ಕಳಿಸಿದ್ದು?" ಮಗಳು ಅಳುತ್ತಿದ್ದಳು.

"ಏನೂ ಇಲ್ಲವ್ವ" ಎಂದರು ವೈನಿ. ಡಾಕ್ಟರು ಹೋದರು.

ಡಾಕ್ಟರ ಪ್ರಶ್ನೆ ಮುಗಿಯುವ ಮೊದಲೇ ಬಂದ ಆ "ನೋ" ನನ್ನ ಕಿವಿಯಲ್ಲಿ ಉಳಿಯಿತು. ವೈನಿ ಒಂದು ಕಂಪನಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ತಂಡಕ್ಕೆ ಮುಖ್ಯಸ್ಥೆ. ಅಡುಗೆಗೆ ಉಪ್ಪು ಹಾಕಿದೆಯಾ ಎಂದು ಕೇಳಿದರೂ ಒಂದು ಕ್ಷಣ ಯೋಚಿಸಿ ಉತ್ತರ ಕೊಡುವವರು.

ವೈನಿ ಕೈ ಬಿಡಿಸಿಕೊಂಡು ರೆಸ್ಟ್‌ರೂಮಿಗೆ ಎದ್ದರು. ನಾನೂ ಹಿಂದೆ ಹೋದೆ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದರು. ಸೋಪು ಹಚ್ಚಿ ತೊಳೆದು, ಮತ್ತೆ ಸೋಪು ಹಚ್ಚಿದರು.

"ವೈನಿ, ಏನರ ಅದ ಏನು?"

ನಲ್ಲಿಯ ನೀರನ್ನು ಇನ್ನೂ ಜೋರು ಮಾಡಿದರು.

"ಅಣ್ಣ ಸಾಯ್ತಾನ ವೈನಿ."

ಕನ್ನಡಿಯಲ್ಲಿ ಅವರು ನನ್ನನ್ನು ನೋಡಿದರು. ಇಪ್ಪತ್ತೈದು ವರ್ಷಕ್ಕೂ ಮೇಲಿನ ಪರಿಚಯದಲ್ಲಿ ಅಂಥ ಮುಖವನ್ನು ನಾನು ಅವರಲ್ಲಿ ನೋಡಿರಲಿಲ್ಲ. ಒದ್ದೆ ಕೈಯಲ್ಲೇ ಪರ್ಸಿನಿಂದ ಫೋನ್ ತೆಗೆದು, ಒಂದು ಹೆಸರು ಹುಡುಕಿ, ಕರೆಯ ಗುಂಡಿ ಒತ್ತಿ, ಫೋನು ಪರ್ಸು ಎರಡನ್ನೂ ನನ್ನ ಕೈಗೆ ತುರುಕಿದರು. ಪರದೆಯ ಮೇಲೆ "ಬಿ-12" ಎಂದಿತ್ತು.

"ಇದನ್ನ ಒಯ್ದು ಡಾಕ್ಟರ್ ಕೈಯಾಗ ಕೊಡು. ನಾ ನಿನಗ ಏನೂ ಹೇಳಿಲ್ಲ. ತಿಳೀತಿಲ್ಲೋ? ನನ್ನ ಬಾಯಿಂದ ಒಂದು ಅಕ್ಷರ ಬಂದಿಲ್ಲ."

"ಇದು ಯಾರು?"

"ಓಡ ನೀ!"

ಓಡಿದೆ. ಆ ಕಡೆ ಫೋನ್ ಎತ್ತಿದ ಧ್ವನಿ ಒಂದು ಔಷಧ ಪ್ರಯೋಗದ ಹೆಸರು ಹೇಳಿ, ತುರ್ತು ಸಂದರ್ಭವೇ ಎಂದು ಕೇಳಿತು. ನನಗೆ ಬಂದದ್ದು ಅಣ್ಣನ ಹೆಸರು ಮಾತ್ರ. ಹೆಸರು ಹೇಳಿದೊಡನೆ ಆ ಧ್ವನಿಯೇ ಎಚ್ಚೆತ್ತಂತಾಗಿ, ಅವರಿಗೆ ರಕ್ತ ಕೊಡುತ್ತಿದ್ದಾರಾ ಎಂದು ಕೇಳಿತು. ಒಳಗೆ ಹೋಗಬಾರದ ಬಾಗಿಲನ್ನು ನೂಕಿಕೊಂಡು ಹೋದೆ. ಒಬ್ಬ ನರ್ಸ್ ತಡೆಯಲು ಕೈ ಚಾಚಿದ. ನಾನು ಫೋನನ್ನು ಎತ್ತಿ ಹಿಡಿದು ಡಾಕ್ಟರನ್ನು ಕೂಗಿದೆ. ಅಷ್ಟು ಗಟ್ಟಿಯಾಗಿ ಈ ದೇಶದಲ್ಲಿ ನಾನು ಎಂದೂ ಕೂಗಿಲ್ಲ.

ಡಾಕ್ಟರು ಫೋನ್ ಕಿವಿಗಿಟ್ಟುಕೊಂಡರು. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಸಡಿಲವಾಯಿತು. ಪೂರ್ತಿ ಕೇಳಿಸಿಕೊಳ್ಳುತ್ತಲೇ ನಡೆಯತೊಡಗಿದರು, ಆಮೇಲೆ ಓಡಿದರು. ಏನೆಂದು ಗೊತ್ತಿಲ್ಲದಿದ್ದರೂ, ಗೊತ್ತಿರಬೇಕಾದವರಿಗೆ ಗೊತ್ತಾಯಿತು ಎಂಬಷ್ಟು ನನಗೆ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ನಮ್ಮ ಮೂಲೆಗೆ ಬಂದರು. ವೈನಿಯನ್ನು ನೋಡಿ, ಪಕ್ಕದಲ್ಲಿದ್ದವರನ್ನು ನೋಡಿ, ಇಲ್ಲೇ ಮಾತಾಡಬಹುದೇ ಎಂದು ಕೇಳಿದರು. ವೈನಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಹೇಳಿಬಿಟ್ಟಳು: "ಯೆಸ್, ಯೆಸ್, ಪ್ಲೀಸ್. ವಿ ಆರ್ ಆಲ್ ಫ್ಯಾಮಿಲಿ."

ಡಾಕ್ಟರು ವೈನಿಯ ಕಡೆ ನೋಡಿದರು. ವೈನಿ ಕಣ್ಣು ಮುಚ್ಚಿ, ಹೂಂ ಎಂಬಂತೆ ತಲೆ ಬಗ್ಗಿಸಿದರು. ಆಮೇಲೆ ಎಲ್ಲವೂ ಹೊರಗೆ ಬಂತು. ರಕ್ತದ ಕಾಯಿಲೆ, ಔಷಧ ಪ್ರಯೋಗ, ಕೆಂಪು ಕಣದ ಮೇಲಿನ ಪ್ರೋಟೀನು, ಅದಕ್ಕೆ ಅಂಟಿಕೊಳ್ಳುವ ಔಷಧ. ಅವನ ರಕ್ತ ಅಪರೂಪದ್ದೇನಲ್ಲ, ಸಾಮಾನ್ಯ ಗುಂಪಿನದೇ. ಔಷಧ ಶುರುಮಾಡುವ ಮೊದಲೇ ಆಚೆಯ ಆಸ್ಪತ್ರೆಯವರು ಎಲ್ಲ ಪರೀಕ್ಷಿಸಿ ಇಟ್ಟಿದ್ದರು, ಈಗ ಕಳಿಸಿಕೊಟ್ಟಿದ್ದಾರೆ. ಬ್ಲಡ್ ಬ್ಯಾಂಕಿನವರು ಔಷಧದ ಕಣ್ಣು ತಪ್ಪಿಸುವ ಬೇರೊಂದು ವಿಧಾನದಲ್ಲಿ ರಕ್ತ ಹೊಂದಿಸುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತು.

ಡಾಕ್ಟರು ಹೋದ ಮೇಲೆ ಹುಡುಗನ ತಾಯಿ ಎದ್ದು ಹೊರಗೆ ಹೋದರು. ವೈನಿ ಖಾಲಿಯಾದ ಕುರ್ಚಿಯನ್ನೇ ನೋಡುತ್ತಿದ್ದರು.

"ಯು ಲೈಡ್ ಟು ದೆಮ್" ಎಂದಳು ಮಗಳು ತಾಯಿಗೆ. ಧ್ವನಿ ಏರಿರಲಿಲ್ಲ, ಅದೇ ಹೆಚ್ಚು ಕೆಟ್ಟದಾಗಿ ಕೇಳಿಸಿತು. "ಪಪ್ಪಾ ವಾಸ್ ಡೈಯಿಂಗ್ ಅಂಡ್ ಯು ಲೈಡ್. ಯಾಕೆ? ಫಾರ್ ಮೈ ವೆಡ್ಡಿಂಗ್?"

"ನಿನ್ನ ಮ್ಯಾಲ ಆಣಿ ಇತ್ತವ್ವ" ಎಂದರು ವೈನಿ.

ಮಗಳಿಗೆ ಪೂರ್ತಿ ಅರ್ಥವಾಗಲಿಲ್ಲ. ನನ್ನ ಕಡೆ ತಿರುಗಿದಳು. "ವಾಟ್ ಈಸ್ ಆಣಿ, ಅತ್ಯಾ?"

ನಾನು ಹೇಳಿದೆ. ವೈನಿ ನೆಲ ನೋಡುತ್ತ ಉಳಿದದ್ದನ್ನು ಹೇಳಿದರು. ಕಾಯಿಲೆ ಗೊತ್ತಾದ ವಾರ ಮಗಳು ಮನೆಗೆ ಬಂದವಳು ಸೋಫಾದ ಮೇಲೆ ಮಲಗಿದ್ದಳಂತೆ. ಅಣ್ಣ ವೈನಿಯ ಕೈ ಹಿಡಿದು ಮಲಗಿದ್ದವಳ ತಲೆಯ ಮೇಲೆ ಇಡಿಸಿದ. "ಈಕಿ ಮದುವಿ ಆಗೂತನಕಾ ನಿನ್ನ ಬಾಯಿಂದ ಈ ಮಾತು ಹೊರಗ ಬರಬಾರದು. ಈಕಿ ಮ್ಯಾಲ ಆಣಿ." ಮಗಳ ತಲೆ ಮುಟ್ಟಿ ಮಾಡಿದ ಆಣೆ. ಮುರಿದರೆ ಮಗಳಿಗೆ ತಟ್ಟುತ್ತದೆ. ಅಲ್ಲಿ ಗಂಡ ಮಲಗಿದ್ದಾನೆ, ಇಲ್ಲಿ ಮಗಳು ನಿಂತಿದ್ದಾಳೆ. ವೈನಿ ಎಂ.ಎಸ್ಸಿ. ಓದಿದವರು. ನಾನೂ ಓದಿದವಳೇ, ಕಾರಿನ ಬ್ಯಾಟರಿಗಳ ಸುರಕ್ಷತೆ ಪರೀಕ್ಷಿಸುವುದು ನನ್ನ ಕೆಲಸ. ಆದರೂ ಆ ಜಾಗದಲ್ಲಿ ನಾನಿದ್ದಿದ್ದರೆ ಥಟ್ಟನೆ ಬಾಯಿ ತೆರೆಯುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ. ಫೋನಾದರೆ ಬಾಯಲ್ಲ. ಅಷ್ಟು ಸಣ್ಣ ಸಂದಿಯೊಂದನ್ನು ಅವರು ಆ ನಲ್ಲಿಯ ಮುಂದೆ ಹುಡುಕಿಕೊಂಡಿದ್ದರು.

ಮಗಳು ತಾಯಿಯ ಮುಂದೆ ಮಂಡಿಯೂರಿ, ಅವರ ಕೈ ತೆಗೆದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಓಕೆ. ಟೇಕ್ ಇಟ್ ಬ್ಯಾಕ್. ಈಗ. ಹೇಗೆ ಮಾಡೋದು? ಅತ್ಯಾ, ಹೌ ಡಸ್ ಶಿ ಟೇಕ್ ಇಟ್ ಬ್ಯಾಕ್?"

ಹಾಗೆ ಕೇಳಿದವರನ್ನು ನಾನು ಕಂಡಿರಲಿಲ್ಲ.

"ಬಿಟ್ಟೆ ಅಂತ ಹೇಳಿದ್ರೆ ಆಯ್ತಪ್ಪ" ಎಂದು ಹಿಂದಿನಿಂದ ಧ್ವನಿ ಬಂತು. ಹುಡುಗನ ತಾಯಿ, ಕೈಯಲ್ಲಿ ರಟ್ಟಿನ ತಟ್ಟೆ, ಅದರಲ್ಲಿ ಕಾಫಿಯ ಲೋಟಗಳು. "ಆಣೆ ಹಾಕಿಸಿದವರು ಒಳಗೆ ಇದ್ದಾರಲ್ಲ, ಎದ್ದ ಮೇಲೆ ಅವರಿಗೆ ನಾನು ಸರಿ ಬೈತೇನೆ. ಕಾಫಿ ಕುಡಿಯಿರಿ ಮೊದಲು."

ವೈನಿ ಬಿಕ್ಕಳಿಸಿ ಅತ್ತರು. "ಬಿಟ್ಟೆ" ಎಂದರು, ಮಗಳ ತಲೆ ಸವರುತ್ತ. ಎರಡು ಸಲ ಹೇಳಿದರು, ಒಂದು ಸಲ ಸಾಲದು ಎಂಬಂತೆ.

ಹುಡುಗನ ತಾಯಿ ಕೂತು ಕಾಫಿಯ ಒಂದು ಗುಟುಕು ಕುಡಿದು, ಮುಖ ಕಿವಿಚಿ, ಲೋಟ ಕೆಳಗಿಟ್ಟರು. "ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅದು ಮಕ್ಕಳಿಗೆ ಬರ್ತದಾ?"

"ಅಮ್ಮಾ!" ಎಂದ ಹುಡುಗ.

"ನೀನು ಸುಮ್ಮನಿರು. ಕೇಳದೆ ಮನಸ್ಸಿನಲ್ಲಿ ಇಟ್ಕೊಳ್ಳುವುದು ಒಳ್ಳೆಯದಾ?"

"ಇಲ್ಲರೀ" ಎಂದರು ವೈನಿ. ಆ ಕಾಯಿಲೆಯ ಬಗ್ಗೆ ಅವರು ಬೇರೆ ಮನೆಯವರೊಬ್ಬರ ಹತ್ತಿರ ಮಾತಾಡಿದ್ದು ಅದೇ ಮೊದಲು. "ಇವರದು ಹಂಗ ಬರೂವಂಥಾದ್ದಲ್ಲ ಅಂತ ಡಾಕ್ಟರ್ ಹೇಳ್ಯಾರ. ನಾನೂ ಅದನ್ನ ಮೊದಲ ಕೇಳಿದ್ದೆ."

"ಮತ್ತೆ ಎಂಥದಕ್ಕೆ ಅಡಗಿಸಿದ್ದು ಮಾರಾಯ್ರೆ?"

"ಬರೂ ಹಂಗ ಇದ್ದಿದ್ರ?"

ಆಕೆ ಯೋಚಿಸಿದರು. "ಆಗ ಎರಡು ದಿವಸ ನಿದ್ರೆ ಬರ್ತಿರಲಿಲ್ಲ ನನಗೆ. ಸುಳ್ಳು ಯಾಕೆ ಹೇಳ್ಬೇಕು?" ಎಂದರು. "ಮೂರನೇ ದಿವಸ ಇವನು ನನ್ನ ಮಾತು ಕೇಳ್ತಾನಾ? ಇಲ್ಲ. ಅಷ್ಟೇ."

ಹುಡುಗ ತಲೆ ತಗ್ಗಿಸಿ ನಕ್ಕ. ವೈನಿ ಅಳುತ್ತಲೇ ನಕ್ಕರು. ಆ ಎರಡು ದಿವಸದ ನಿದ್ದೆಯ ಮಾತನ್ನು ಆಕೆ ಹೇಳದೇ ಇದ್ದಿದ್ದರೆ, ನಮಗೆ ಅವರ ಉಳಿದ ಮಾತಿನ ಮೇಲೆ ಅಷ್ಟು ನಂಬಿಕೆ ಬರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ರಕ್ತ ಬಂದಾಗ ಕಿಟಕಿಯ ಹೊರಗೆ ಪಾರ್ಕಿಂಗ್ ಲಾಟಿನ ಮೇಲೆ ಇನ್ನೂ ಬಿಸಿಲಿತ್ತು. ಒಳಗೆ ಇಬ್ಬರನ್ನು ಮಾತ್ರ ಬಿಟ್ಟರು. ಮಗಳು ಮತ್ತು ವೈನಿ ಹೋಗಲಿ ಎಂದೆ. ಮಗಳು ನನ್ನನ್ನು ಮುಂದಕ್ಕೆ ತಳ್ಳಿದಳು. "ಯು ಗೋ, ಅತ್ಯಾ. ನೀವು ಕೂಗಿದ್ದು. ಐ ವಿಲ್ ಗೋ ನೆಕ್ಸ್ಟ್."

ಅಣ್ಣ ಹಾಸಿಗೆಯ ಬಿಳಿಗಿಂತ ಬೆಳ್ಳಗಿದ್ದ. ಇಬ್ಬರು ನರ್ಸುಗಳು ಎದುರುಬದುರು ನಿಂತು ಚೀಲದ ಮೇಲಿನ ಹೆಸರು, ಅಂಕಿಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿದರು. ಆಮೇಲೆ ಒಬ್ಬಳು ಹೋದಳು, ಒಬ್ಬಳು ಉಳಿದಳು. ಮೊದಲ ಸ್ವಲ್ಪ ಹೊತ್ತು ನಾನು ಇಲ್ಲೇ ನಿಂತಿರಬೇಕು, ಏನಾದರೂ ಆಗುವುದಿದ್ದರೆ ಈಗಲೇ ಆಗುತ್ತದೆ ಎಂದು ನಮಗೆ ಹೇಳಿದಳು. ಚಳಿ ಬರಬಹುದು, ಬೆನ್ನು ನೋವು ಬರಬಹುದು, ಉಸಿರು ಕಟ್ಟಬಹುದು.

ಕೊಳವೆಯಲ್ಲಿ ಕೆಂಪು ಇಳಿಯಿತು. ಯಾರದೋ ರಕ್ತ, ತನ್ನ ಪ್ರತಿ ಕಣದ ಮೇಲೂ ಅದೇ ಸನ್ನೆ ಹೊತ್ತುಕೊಂಡು ಅಣ್ಣನ ತೋಳಿನೊಳಗೆ ಹೋಯಿತು. ಆಗ ನನಗೆ ಇದೆಲ್ಲ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಸುಮ್ಮನೆ ಅವನ ಮುಖ ನೋಡುತ್ತಿದ್ದೆ. ವೈನಿ ಅವನ ಕಾಲುಗಳನ್ನು ಕಂಬಳಿಯ ಮೇಲಿನಿಂದ ಹಿಡಿದುಕೊಂಡಿದ್ದರು, ನಡುಕ ಬಂದರೆ ಮೊದಲು ತಮ್ಮ ಕೈಗೆ ಗೊತ್ತಾಗಲಿ ಎಂದು. ನರ್ಸು ಜ್ವರ ನೋಡಿದಳು, ಬಿ.ಪಿ. ನೋಡಿದಳು, ಮತ್ತೆ ಜ್ವರ ನೋಡಿದಳು.

ಅಣ್ಣ ಕಣ್ಣು ತೆರೆದ. ಚೀಲ ನೋಡಿದ, ನನ್ನನ್ನು ನೋಡಿದ, ಗಾಜಿನ ಬಾಗಿಲಿನಾಚೆ ತಮ್ಮ ಸರದಿಗಾಗಿ ಇಣುಕುತ್ತಿದ್ದ ಹುಡುಗನ ತಾಯಿಯನ್ನೂ ನೋಡಿದ. ಎಲ್ಲ ತಿಳಿಯಿತು ಅವನಿಗೆ.

"ಹೇಳಿದೀ?" ಎಂದು ವೈನಿಗೆ ಕೇಳಿದ. ಧ್ವನಿ ಗಾಳಿಯಷ್ಟೇ ಇತ್ತು.

"ನಾ ಎಲ್ಲಿ ಹೇಳಿನಿ? ಫೋನ್ ಹೇಳ್ತು" ಎಂದರು ವೈನಿ. "ನೀವು ಮಾತಾಡಬ್ಯಾಡ್ರಿ. ಬೆನ್ನು ನೋಯ್ತದೇನು?"

"ಇಲ್ಲ."

"ಚಳಿ?"

"ಇಲ್ಲ. ಹಸಿವಿ ಆಗೇದ."

ನರ್ಸಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಊಟ ಈಗ ಕೊಡುವ ಹಾಗಿಲ್ಲ, ಆದರೆ ಹಸಿವು ಕೇಳಿ ಸಂತೋಷವಾಯಿತು ಎಂದಳು. ಇನ್ನೊಮ್ಮೆ ಎಲ್ಲ ನೋಡಿದಳು. ಏನೂ ಆಗಿರಲಿಲ್ಲ. ಕಣಗಳು ಒಡೆದಿರಲಿಲ್ಲ, ಜ್ವರ ಏರಿರಲಿಲ್ಲ, ಅವನ ತುಟಿಯ ಮೇಲೆ ಎಲ್ಲೋ ಒಂದು ಗೆರೆಯಷ್ಟು ಬಣ್ಣ ಬರುತ್ತಿದೆ ಎಂದು ನನಗನ್ನಿಸಿತು, ಅದು ನನ್ನ ಆಸೆಯೂ ಇರಬಹುದು. ಹನಿಗಳನ್ನು ಸ್ವಲ್ಪ ಬೇಗ ಬೀಳುವಂತೆ ತಿರುಗಿಸಿ, ಇಲ್ಲಿ ಎಲ್ಲ ಸರಿಯಿದೆ, ನಾನು ಪಕ್ಕದ ರೋಗಿಯನ್ನು ನೋಡಿ ಬರುತ್ತೇನೆ ಎಂದು ಅವಳು ಪರದೆ ಸರಿಸಿಕೊಂಡು ಹೊರಟುಹೋದಳು. ಅವಳಿಗೆ ನಮ್ಮ ಹತ್ತಿರ ನಿಲ್ಲುವ ಅಗತ್ಯವಿಲ್ಲ ಎಂಬುದು ತಿಳಿದ ಮೇಲೆ, ಮಧ್ಯಾಹ್ನದಿಂದ ಹಿಡಿದುಕೊಂಡಿದ್ದ ವೈನಿಯ ಪರ್ಸನ್ನು ನಾನು ಕುರ್ಚಿಯ ಮೇಲಿಟ್ಟು, ಮಗಳನ್ನು ಒಳಗೆ ಕಳಿಸಲು ಹೊರಗೆ ಬಂದೆ.